‘ವಿಸಿಟ್ ವೀಸಾದಲ್ಲಿ ಬಂದುಬಿಡು’ ಅನ್ನುವ ಕಾಕಾಗೆ ಏನು ಹೇಳಲಿ?

ಪ್ರಶ್ನೆ: ಸರ್, ನಾನು 2025 ರಲ್ಲಿ ಪುಣೆಯಲ್ಲಿ ಮೆಕ್ಯಾನಿಕಲ್ ಬಿಇ ಮುಗಿಸಿದೆ. ನಮ್ಮದು ವಿಜಯಪುರ ಕಡೆ. ಹತ್ತನೇ ತರಗತಿವರೆಗೆ ಅಲ್ಲೇ ಓದಿದ್ದು, ಆಮೇಲೆ ಅಪ್ಪನ ಕೆಲಸದಿಂದಾಗಿ ಪುಣೆಯ ನಿಗಡಿಗೆ ಬಂದೆವು. ಹೊರದೇಶದಲ್ಲಿ ಕೆಲಸ ಮಾಡುವ ಆಸೆ ಇದೆ, ಆದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ದುಬೈಯಲ್ಲಿರುವ ಕಾಕಾ ‘ವಿಸಿಟ್ ವೀಸಾದಲ್ಲಿ ಬಂದುಬಿಡು, ಆಮೇಲೆ ನೋಡ್ಕೊಳ್ಳೋಣ’ ಅಂತಾರೆ. ಸೀನಿಯರ್ ಒಬ್ಬ ‘ಬಯೋಡೇಟಾದಲ್ಲಿ ಎರಡು ವರ್ಷ ಎಕ್ಸ್‌ಪೀರಿಯನ್ಸ್ ಹಾಕು, ಲೆಟರ್ ನಾನು ಕೊಡಿಸ್ತೀನಿ’ ಅಂತಾನೆ. ಇಲ್ಲಿ ಪುಣೆಯ ಡೆಕ್ಕನ್‌ನಲ್ಲಿರುವ ಕನ್ಸಲ್ಟೆಂಟ್ ಜರ್ಮನಿ ಕೆಲಸಕ್ಕೆ ಒಂದೂಮುಕ್ಕಾಲು ಲಕ್ಷ ಕೇಳಿದ್ದಾರೆ, ಅದರಲ್ಲಿ ಇಪ್ಪತ್ತು ಸಾವಿರ ಟೋಕನ್ ಈ ಶನಿವಾರದೊಳಗೆ ಕಟ್ಟಬೇಕಂತೆ. ಪುಣೆ ಹತ್ತಿರದ ಚಾಕಣದಲ್ಲಿ ಒಂದು ಟ್ರೇನಿ ಕೆಲಸ ಸಿಕ್ಕಿದೆ, ಅದಕ್ಕೆ ಸೇರಿದರೆ ಇಲ್ಲೇ ಕೊಳೆಯುತ್ತೀಯ ಅಂತ ಗೆಳೆಯರು ಹೇಳುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಕಾಕಾ ಮಾತಿನಿಂದಲೇ ಶುರು ಮಾಡುತ್ತೇನೆ. ಯಾಕಂದ್ರೆ ಅದೇ ಮಾತು ನಂಬಿಕೊಂಡು 2006 ರಲ್ಲಿ ನಾನೂ ವಿಮಾನ ಹತ್ತಿದ್ದೆ. ಓದು ಮುಗಿದು ಒಂದು ವರ್ಷವಾಗಿತ್ತು. ಅಪ್ಪ ಸೊಸೈಟಿಯಲ್ಲಿ ಸಾಲ ಎತ್ತಿದ್ದರು. ಪುಣೆಯಿಂದ ಜೀಪು ಮಾಡಿಕೊಂಡು ಮನೆಯವರೆಲ್ಲ ಮುಂಬೈ ಏರ್‌ಪೋರ್ಟಿನವರೆಗೆ ಬಂದು ಹಾರ ಹಾಕಿ ಕಳಿಸಿದ್ದರು. ಹಾಗೆ ಹಾರ ಹಾಕಿಸಿಕೊಂಡು ಹೋದವನು ಬರಿಗೈಲಿ ವಾಪಸ್ ಬರೋದು ಎಷ್ಟು ಕಷ್ಟ ಅಂತ ಬಂದವನಿಗೇ ಗೊತ್ತು.

ದುಬೈನ ದೇರಾದಲ್ಲಿ ಒಂದು ರೂಮಿನಲ್ಲಿ ಎಂಟು ಜನ ಇದ್ದೆವು. ಬೆಳಗ್ಗೆ ಎದ್ದು ಪೇಪರ್ ನೋಡಿ, ಇಸ್ತ್ರಿ ಮಾಡಿದ ಶರ್ಟು ಹಾಕಿ, ಬಿಸಿಲಲ್ಲಿ ಆಫೀಸಿಂದ ಆಫೀಸಿಗೆ ಅಲೆಯುವುದೇ ಕೆಲಸ. ಶಾರ್ಜಾದ ಒಂದು ವರ್ಕ್‌ಶಾಪಿನ ಮ್ಯಾನೇಜರ್ ಇಂದಿಗೂ ಕಣ್ಣ ಮುಂದೆ ಇದ್ದಾನೆ. ನಾನು ಮೇಜಿನ ಮೇಲಿಟ್ಟ ಫೈಲನ್ನು ಆ ಮನುಷ್ಯ ತೆರೆಯಲೇ ಇಲ್ಲ. ಪಾಸ್‌ಪೋರ್ಟ್ ಕೊಡು ಅಂದ. ಎಂಟ್ರಿ ಸ್ಟ್ಯಾಂಪ್ ಇರುವ ಪುಟ ಹುಡುಕಿ, ಗೋಡೆಯ ಕ್ಯಾಲೆಂಡರ್ ನೋಡಿ, ಬೆರಳು ಮಡಚಿ ದಿನ ಎಣಿಸಿದ. ‘ಇನ್ನು ಹದಿನಾಲ್ಕು ದಿನ’ ಅಂದ. ಜಾಹೀರಾತಿನಲ್ಲಿ 3,000 ದಿರ್ಹಂ ಇದ್ದ ಸಂಬಳ ಅಲ್ಲೇ ಕೂತಲ್ಲೇ 1,400 ಆಯಿತು. ನನ್ನ ಮಾರ್ಕ್ಸು, ಪ್ರಾಜೆಕ್ಟು, ಇಂಗ್ಲಿಷು ಯಾವುದಕ್ಕೂ ಬೆಲೆ ಇರಲಿಲ್ಲ. ಅವನು ಲೆಕ್ಕ ಹಾಕಿದ್ದು ನನ್ನ ಹತ್ತಿರ ಉಳಿದಿದ್ದ ದಿನಗಳನ್ನು ಮಾತ್ರ.

ಆಗ ವಿಸಿಟ್ ವೀಸಾ ಮುಗಿದವರು ದೇಶದಿಂದ ಹೊರಗೆ ಹೋಗಿ, ಹೊಸ ವೀಸಾ ಬರುವವರೆಗೆ ಕಾಯಬೇಕಿತ್ತು. ಹತ್ತಿರ, ಅಗ್ಗ ಅಂತ ಬಹಳ ಜನ ಹೋಗುತ್ತಿದ್ದದ್ದು ಇರಾನಿನ ಕಿಶ್ ದ್ವೀಪಕ್ಕೆ. ನಾನೂ ಹನ್ನೊಂದು ದಿನ ಅಲ್ಲಿದ್ದೆ. ಯಾರದ್ದು ವೀಸಾ ಬಂತು ಅಂತ ಹೆಸರು ಕೂಗುವಾಗ ಹೋಟೆಲಿನ ಮುಂದೆ ನಮ್ಮವರು, ಫಿಲಿಪೈನ್ಸ್‌ನವರು, ನೇಪಾಳದವರು ಎಲ್ಲ ಗುಂಪುಗೂಡುತ್ತಿದ್ದೆವು. ನನ್ನ ಹೆಸರು ಬರಲಿಲ್ಲ. ನಾಲ್ಕು ತಿಂಗಳಿಗೆ ಪುಣೆಗೆ ವಾಪಸ್, ಸಾಲ ತೀರಿಸೋಕೆ ಮೂರು ವರ್ಷ ಬೇಕಾಯಿತು. ಆಮೇಲೆ ಇಲ್ಲೇ ಎಚ್‌ಆರ್ ಕಡೆ ಹೊರಳಿದೆ. ಕೆಲಸ ಕೇಳಿಕೊಂಡು ಅಲೆದವನು ಕೆಲಸ ಕೊಡುವ ಮೇಜಿನ ಆಚೆ ಬದಿಗೆ ಕೂತೆ ಅನ್ನಿ.

ನಿಮ್ಮ ಕಾಕಾ ಸುಳ್ಳು ಹೇಳುತ್ತಿಲ್ಲ. ಅವರ ಕಾಲಕ್ಕೆ, ಅವರ ನಸೀಬಿಗೆ ಅದು ನಡೆದಿರಬಹುದು. ಈಗ ನಿಯಮ ಹೀಗಿದೆ. ಯುಎಇಯಲ್ಲಿ ವಿಸಿಟ್ ವೀಸಾದಲ್ಲಿದ್ದುಕೊಂಡು ಕೆಲಸ ಮಾಡುವುದು ಕಾನೂನುಬಾಹಿರ. ಪರ್ಮಿಟ್ ಇಲ್ಲದೆ ಕೆಲಸಕ್ಕೆ ಇಟ್ಟುಕೊಳ್ಳುವ ಮಾಲೀಕನಿಗೆ 2024 ರ ತಿದ್ದುಪಡಿಯ ಪ್ರಕಾರ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಂವರೆಗೆ ದಂಡ. ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ವಸೂಲಿ ಮಾಡುವ ಹಾಗಿಲ್ಲ ಅಂತ ಅಲ್ಲಿನ 2021 ರ ಕಾರ್ಮಿಕ ಕಾನೂನಿನಲ್ಲೇ ಇದೆ. ಹೋಗಲೇಬೇಕು ಅಂದ್ರೆ ಕೆಲಸ ಹುಡುಕೋಕೇ ಅಂತ 60, 90, 120 ದಿನಗಳ ಬೇರೆ ವೀಸಾ ಇದೆ, ಅದಕ್ಕೆ ನೀವು ಅರ್ಹರಾ ಅಂತ ಮೊದಲು ನೋಡಿ. ಕಾಕಾಗೆ ಹೇಳಿ: ‘ನೀವೇ ನಿಮ್ಮ ಕಂಪನಿಯಲ್ಲಿ ಮಾತಾಡಿ, ಅಲ್ಲಿನ ಕಾರ್ಮಿಕ ಇಲಾಖೆಯ ಆಫರ್ ಲೆಟರ್ ಬರಲಿ, ಮರುದಿನವೇ ಬರ್ತೀನಿ.’ ಅಷ್ಟಾದರೆ ಕಾಕಾ ನಿಜವಾಗಿ ಸಹಾಯ ಮಾಡಿದ ಹಾಗೆ. ಇಲ್ಲಾಂದ್ರೆ ಅವರು ಕೊಡುತ್ತಿರುವುದು ಮಲಗೋಕೆ ಜಾಗ ಮಾತ್ರ.

ಹೊರದೇಶದ ಕೆಲಸದ ವಿಷಯದಲ್ಲಿ ನಾನು ಎಲ್ಲಕ್ಕಿಂತ ಮೊದಲು ಕೇಳುವುದು ಒಂದೇ: ನಿಮ್ಮನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಹಕ್ಕು ಆ ಕಂಪನಿಗೆ ಇದೆಯಾ, ಕಾಗದ ಯಾರು ಮಾಡಿಸುತ್ತಾರೆ? ನಿಮಗೆ ಸಿಕ್ಕಿರುವ ಸಲಹೆಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿ. ಒಬ್ಬರೂ ಇದನ್ನು ಕೇಳಿಲ್ಲ, ಅಲ್ವಾ?

‘ದಿನಕ್ಕೆ ಐವತ್ತು ಅರ್ಜಿ ಹಾಕು, ಒಂದಲ್ಲ ಒಂದು ಹತ್ತುತ್ತೆ’ ಅನ್ನುವ ಮಾತೂ ಇದೇ ಜಾತಿಯದ್ದು. ಬ್ರಿಟನ್ ತೆಗೆದುಕೊಳ್ಳಿ. ಹೊರಗಿನವರಿಗೆ ಸ್ಕಿಲ್ಡ್ ವರ್ಕರ್ ವೀಸಾ ಮಾಡಿಸಿಕೊಡಲು ಕಂಪನಿಗೆ ಲೈಸೆನ್ಸ್ ಇರಬೇಕು. ಲೈಸೆನ್ಸ್ ಇರುವ ಎಲ್ಲ ಕಂಪನಿಗಳ ಪಟ್ಟಿಯನ್ನು ಅಲ್ಲಿನ ಸರ್ಕಾರವೇ ತನ್ನ ವೆಬ್‌ಸೈಟಿನಲ್ಲಿ ಹಾಕಿದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಒಂದು ಪೈಸೆ ಇಲ್ಲ. ಆ ಪಟ್ಟಿಯಲ್ಲಿ ಇಲ್ಲದ ಕಂಪನಿಗೆ ನೀವು ಎಷ್ಟೇ ಚೆಂದದ ಪತ್ರ ಬರೆದರೂ ಬಂಡೆ ಮೇಲೆ ನೀರು ಸುರಿದ ಹಾಗೆ. ಅರ್ಜಿಯಲ್ಲಿ ‘ನಿಮಗೆ ವೀಸಾ ಸ್ಪಾನ್ಸರ್ ಬೇಕಾ’ ಅಂತ ಕೇಳಿದರೆ ‘ಬೇಡ’ ಅಂತ ಒತ್ತು, ಇಂಟರ್‌ವ್ಯೂ ಆದ ಮೇಲೆ ಹೇಳಿದರಾಯ್ತು ಅಂತ ಹುಡುಗರು ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ದಯವಿಟ್ಟು ಬೇಡ. ಮೂರು ರೌಂಡ್ ಇಂಟರ್‌ವ್ಯೂ ಮಾಡಿಸಿಕೊಂಡು ಕೊನೆಗೆ ‘ಅದು ತಪ್ಪಾಗಿ ಒತ್ತಿದೆ ಮೇಡಂ’ ಅಂದವರ ಹೆಸರಿನ ಮುಂದೆ ಎಚ್‌ಆರ್‌ನವರು ಏನು ಬರೆದಿಡುತ್ತಾರೆ ಅಂತ ನನಗೆ ಗೊತ್ತು, ನಾನೂ ಬರೆದಿದ್ದೇನೆ.

‘ಸಂಬಳ ಎಷ್ಟಾದರೂ ಒಪ್ಪಿಕೋ, ಒಳಗೆ ಹೋದರೆ ಸಾಕು’ ಅನ್ನುವುದು ನಮ್ಮ ಕಡೆ ತುಂಬಾ ಚಾಲ್ತಿ. ವಿನಯದ ಮಾತಿನ ಹಾಗೆ ಕೇಳಿಸುತ್ತದೆ, ಆದರೆ ಇಲ್ಲಿ ಲೆಕ್ಕ ಉಲ್ಟಾ. ಬ್ರಿಟನ್ನಿನಲ್ಲಿ 2025 ರ ಜುಲೈ 22 ರಿಂದ ಈ ವೀಸಾಕ್ಕೆ ಕನಿಷ್ಠ ಸಂಬಳದ ಸಾಮಾನ್ಯ ಮಿತಿ ವರ್ಷಕ್ಕೆ 41,700 ಪೌಂಡ್. ಈಗಷ್ಟೇ ಓದು ಮುಗಿಸಿದವರಂಥ ಹೊಸಬರಿಗೆ ರಿಯಾಯಿತಿ ಇದ್ದರೂ 33,400 ಕ್ಕಿಂತ ಕೆಳಗೆ ಇಳಿಯುವ ಹಾಗಿಲ್ಲ, ಆ ಹುದ್ದೆಗೆ ಇರುವ ದರವನ್ನೂ ನೋಡುತ್ತಾರೆ. ಜರ್ಮನಿಯಲ್ಲಿ ಡಿಗ್ರಿ ಇದ್ದವರಿಗೆ ಕೊಡುವ ಕೆಲಸದ ಪರವಾನಗಿ ಬ್ಲೂ ಕಾರ್ಡಿಗೆ 2025 ರಲ್ಲಿ, ಜನ ಸಿಗದ ವೃತ್ತಿಗಳಿಗೆ ಮತ್ತು ಡಿಗ್ರಿ ಮುಗಿಸಿ ಮೂರು ವರ್ಷದೊಳಗಿನವರಿಗೆ, ವರ್ಷಕ್ಕೆ 43,759.80 ಯೂರೊ. ನೀವು ಸಂಕೋಚಪಟ್ಟು ‘ಕಡಿಮೆ ಆದರೂ ಪರವಾಗಿಲ್ಲ ಸರ್’ ಅಂದಿರೋ, ನಿಮ್ಮ ವೀಸಾವನ್ನು ನೀವೇ ಕತ್ತರಿಸಿಕೊಂಡ ಹಾಗೆ. ಮಿತಿ ಎಷ್ಟು ಅಂತ ತಿಳಿದುಕೊಂಡು, ಅದನ್ನೇ ಬಾಯಿಬಿಟ್ಟು ಹೇಳಿ. ಹೊರಗಿನ ಕಂಪನಿಯವರು ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಅಮೆರಿಕಾ, ಕೆನಡಾ ಬಗ್ಗೆ ಬೇಗ ಮುಗಿಸುತ್ತೇನೆ. ಇಲ್ಲಿ ಕೂತು ನೇರ ಅಮೆರಿಕಾದ ಕೆಲಸ ಹುಡುಕು ಅನ್ನುವವರು ಹಳೇ ಪಂಚಾಂಗ ಓದುತ್ತಿದ್ದಾರೆ. ಎಚ್-1ಬಿ ಅನ್ನುವ ಅಲ್ಲಿನ ಕೆಲಸದ ವೀಸಾ ವರ್ಷಕ್ಕೆ 65,000, ಅಲ್ಲೇ ಮಾಸ್ಟರ್ಸ್ ಮಾಡಿದವರಿಗೆ ಇನ್ನೊಂದು 20,000, ಅದೂ ಚೀಟಿ ಎತ್ತಿ. ಅದರ ಮೇಲೆ 2025 ರ ಸೆಪ್ಟೆಂಬರ್ 21 ರಿಂದ, ದೇಶದ ಹೊರಗಿರುವವರ ಹೊಸ ಅರ್ಜಿಗೆ ಕಂಪನಿ ಒಂದು ಲಕ್ಷ ಡಾಲರ್ ಕಟ್ಟಬೇಕು ಅಂತ ಆದೇಶ ಬಂತು. ಫ್ರೆಶರ್ ಒಬ್ಬನಿಗೆ ಯಾರು ಕಟ್ಟುತ್ತಾರೆ ಹೇಳಿ. ‘ಕೆನಡಾ ಪಿಆರ್ (ಅಲ್ಲಿ ಕಾಯಂ ನೆಲೆಸುವ ಅನುಮತಿ) ಹಾಕಿಬಿಡು’ ಅನ್ನುವವರಿಗೆ ಗೊತ್ತಿಲ್ಲದ್ದು ಏನಂದ್ರೆ, ಇಲ್ಲಿಂದ ಹಾಕುವ ಸ್ಕಿಲ್ಡ್ ವರ್ಕರ್ ದಾರಿಗೆ ಕನಿಷ್ಠ ಒಂದು ವರ್ಷ ಬಿಡದೆ ಮಾಡಿದ ಕೆಲಸದ ಅನುಭವ ಬೇಕು. ನಿಮಗೆ ಅದಿಲ್ಲ. ಮತ್ತೆ ಕೆನಡಾದ ಜಾಬ್ ಆಫರ್ ಕೊಂಡುಕೊಂಡರೆ ಪಿಆರ್ ಆಯ್ಕೆಯ ಲೆಕ್ಕದಲ್ಲಿ ಐವತ್ತು ಪಾಯಿಂಟ್ ಜಾಸ್ತಿ ಬರುತ್ತೆ ಅಂತ ಯಾರಾದರೂ ಮಾರಲು ಬಂದರೆ, ಆ ಪಾಯಿಂಟ್‌ಗಳನ್ನು 2025 ರ ಮಾರ್ಚ್ 25 ಕ್ಕೆ ತೆಗೆದುಹಾಕಿದ್ದಾರೆ. ಇದ್ದಾಗಲೂ ಕೊಂಡುಕೊಳ್ಳುವುದು ಅಪರಾಧವೇ ಆಗಿತ್ತು, ಆ ಮಾತು ಬೇರೆ.

ಈಗ ನಿಮ್ಮ ಸೀನಿಯರ್ ವಿಷಯ. ಇದರ ಬಗ್ಗೆ ನನಗೆ ಸಿಟ್ಟಿದೆ.

ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗನ ಫೈಲ್ ನನ್ನ ಮೇಜಿಗೆ ಬಂತು. ನಮ್ಮ ಪುಣೆ ಘಟಕದಿಂದ ಯುರೋಪಿಗೆ ಕಳಿಸುವ ಹುದ್ದೆ. ಇಂಟರ್‌ವ್ಯೂನಲ್ಲಿ ಚೆನ್ನಾಗಿ ಮಾತಾಡಿದ್ದ, ಎಲ್ಲರಿಗೂ ಇಷ್ಟವಾಗಿದ್ದ. ಅನುಭವದ ಪತ್ರ ದಪ್ಪ ಕಾಗದದ ಮೇಲೆ, ಬಣ್ಣದ ಲೆಟರ್‌ಹೆಡ್ಡು, ದುಂಡನೆಯ ಸೀಲು. ಓದುತ್ತಾ ಹೋದೆ. ಕೆಲಸಕ್ಕೆ ಸೇರಿದ ದಿನಾಂಕ ಅಕ್ಟೋಬರ್ 2. ಗಾಂಧಿ ಜಯಂತಿಯ ದಿನ ಯಾವ ಆಫೀಸು ಹೊಸಬರನ್ನು ಸೇರಿಸಿಕೊಳ್ಳುತ್ತದೆ ಮಾರಾಯ್ರೇ? ಸಂಶಯ ಬಂದು ಮಾರ್ಕ್ಸ್ ಕಾರ್ಡ್ ತೆಗೆದೆ. ‘ಕೆಲಸ ಮಾಡುತ್ತಿದ್ದ’ ಅದೇ ವರ್ಷದ ಡಿಸೆಂಬರಿನಲ್ಲಿ ಮೂರು ಬ್ಯಾಕ್‌ಲಾಗ್ ಬರೆದು ಪಾಸು ಮಾಡಿದ್ದಾನೆ. ಕೆಲಸದಲ್ಲಿದ್ದವರ ಪಿಎಫ್ ಖಾತೆಗೆ ಕೊಡುವ ಯುಎಎನ್ ನಂಬರ್ ಕೇಳಿದೆವು, ಇಲ್ಲ ಅಂದ. ಅಷ್ಟೇ, ಅಲ್ಲಿಗೆ ಮುಗಿಯಿತು. ಬೇಜಾರಿನ ಸಂಗತಿ ಏನಂದ್ರೆ ಆ ಹುದ್ದೆಗೆ ಎರಡು ವರ್ಷದ ಅನುಭವ ಬೇಕೇ ಇರಲಿಲ್ಲ. ಫ್ರೆಶರ್ ಅಂತಲೇ ಬಂದಿದ್ದರೆ ಹೋಗುತ್ತಿದ್ದ.

ಇಲ್ಲಿ ಸಿಕ್ಕಿಬಿದ್ದರೆ ಒಂದು ಕೆಲಸ ಹೋಗುತ್ತದೆ. ವೀಸಾ ಅರ್ಜಿಯಲ್ಲಿ ಅದೇ ಪತ್ರ ಇಟ್ಟು ಸಿಕ್ಕಿಬಿದ್ದರೆ ದೇಶವೇ ಹೋಗುತ್ತದೆ. ಬ್ರಿಟನ್ ಹತ್ತು ವರ್ಷ ಬಾಗಿಲು ಹಾಕುತ್ತದೆ, ಕೆನಡಾ ಐದು ವರ್ಷ, ಅಮೆರಿಕಾದಲ್ಲಿ ವಂಚನೆ ಅಂತ ದಾಖಲಾದರೆ ಜೀವಮಾನದ ಕಪ್ಪುಚುಕ್ಕೆ. ನಿಮ್ಮ ಸೀನಿಯರ್‌ಗೆ ಏನೂ ಆಗುವುದಿಲ್ಲ, ಅವನು ಇನ್ನೊಬ್ಬ ಜೂನಿಯರ್‌ಗೆ ಲೆಟರ್ ಕೊಡಿಸುತ್ತಾ ಇರುತ್ತಾನೆ.

ಕನ್ಸಲ್ಟೆಂಟ್ ಕಡೆ ಬರೋಣ. ‘ಜರ್ಮನಿ ಕೆಲಸ’ ಅಂತ ಅವರು ಹೇಳುತ್ತಿರುವುದು ಬಹುಶಃ ಚಾನ್ಸೆನ್‌ಕಾರ್ಟೆ, ಅಂದರೆ ಅವಕಾಶದ ಕಾರ್ಡು. 2024 ರ ಜೂನ್ 1 ರಿಂದ ಜಾರಿಯಲ್ಲಿದೆ. ಅದು ಕೆಲಸ ಅಲ್ಲ. ಒಂದು ವರ್ಷ ಅಲ್ಲಿದ್ದು ಕೆಲಸ ಹುಡುಕಿಕೊಳ್ಳಿ, ನಡುವೆ ವಾರಕ್ಕೆ 20 ಗಂಟೆ ಅರೆಕಾಲಿಕ ಕೆಲಸ ಮಾಡಿಕೊಳ್ಳಿ ಅನ್ನುವ ಅನುಮತಿ. ವೀಸಾ ಶುಲ್ಕ 75 ಯೂರೊ. ಅರ್ಜಿ ನೀವೇ ಹಾಕಬಹುದು. ಇದಕ್ಕೆ ಒಂದೂಮುಕ್ಕಾಲು ಲಕ್ಷ ಯಾಕೆ ಅಂತ ನನಗಂತೂ ಅರ್ಥ ಆಗುವುದಿಲ್ಲ.

ನಿಜವಾದ ಖರ್ಚು ಬೇರೆ ಕಡೆ ಇದೆ, ಅದನ್ನು ಕನ್ಸಲ್ಟೆಂಟ್ ಮೊದಲ ದಿನ ಹೇಳುವುದಿಲ್ಲ. ಅಲ್ಲಿ ಬದುಕಲು ದುಡ್ಡಿದೆ ಅಂತ ತೋರಿಸಬೇಕು. 2025 ರ ಲೆಕ್ಕದಲ್ಲಿ ತಿಂಗಳಿಗೆ 1,091 ಯೂರೊ, ಹನ್ನೆರಡು ತಿಂಗಳಿಗೆ 13,092. ಯೂರೊಗೆ ನೂರು ರೂಪಾಯಿ ಅಂತ ಹಿಡಿದರೆ ಹದಿಮೂರು ಲಕ್ಷ. ಇದು ಫೀಸಲ್ಲ, ನಿಮ್ಮದೇ ದುಡ್ಡು, ಬ್ಲಾಕ್ ಮಾಡಿದ ಖಾತೆಯಿಂದ ತಿಂಗಳು ತಿಂಗಳು ನಿಮಗೇ ಬರುತ್ತದೆ. ಆದರೂ ಮೊದಲು ಹೊಂದಿಸಬೇಕಲ್ಲ.

ಇನ್ನು ಈ ಕಾರ್ಡಿಗೆ ಲೆಕ್ಕ ಹಾಕುವ ಪಾಯಿಂಟು. ನಿಮ್ಮ ಡಿಗ್ರಿ ಜರ್ಮನ್ ಡಿಗ್ರಿಗೆ ಸಮ ಅಂತ ಪೂರ್ತಿ ಮಾನ್ಯವಾದರೆ ಪಾಯಿಂಟಿನ ಗೊಡವೆಯೇ ಇಲ್ಲ. ಅದನ್ನು ಅನಾಬಿನ್ ಅನ್ನುವ ಅವರ ಡೇಟಾಬೇಸಿನಲ್ಲಿ ಮನೆಯಲ್ಲೇ ಕೂತು ನೋಡಬಹುದು. ಅಲ್ಲಿ ಸ್ಪಷ್ಟವಾಗಿ ಸಿಗದಿದ್ದರೆ 208 ಯೂರೊ ಕಟ್ಟಿ ಹೋಲಿಕೆಯ ಪತ್ರ ತರಿಸಿಕೊಳ್ಳಬೇಕು. ಪಾಯಿಂಟ್ ದಾರಿಯೇ ಆದರೆ ಆರು ಬೇಕು. ನಿಮಗೆ 35 ಆಗಿಲ್ಲ, ಅದಕ್ಕೆ ಎರಡು. ಎಂಜಿನಿಯರಿಂಗ್ ಅಲ್ಲಿ ಜನ ಸಿಗದ ವೃತ್ತಿ, ಅದಕ್ಕೆ ಒಂದು. ಮೂರಾಯಿತು. ಇನ್ನು ಮೂರು ಬೇಕು. ಜರ್ಮನ್ ಭಾಷೆ ಬಿ2 ಮಟ್ಟದಲ್ಲಿ (ಎ1 ಮೊದಲ ಮೆಟ್ಟಿಲು, ಸಿ2 ಕೊನೆಯದು) ಇದ್ದರೆ ಮೂರಕ್ಕೆ ಮೂರೂ ಸಿಕ್ಕಿತು. ಬಿ1 ಇದ್ದರೆ ಎರಡು, ಜೊತೆಗೆ ಇಂಗ್ಲಿಷ್ ಸಿ1 ಸರ್ಟಿಫಿಕೇಟ್ ಇದ್ದರೆ ಒಂದು. ಅಥವಾ ಕಳೆದ ಐದು ವರ್ಷದಲ್ಲಿ ಎರಡು ವರ್ಷ ನಿಮ್ಮದೇ ಕ್ಷೇತ್ರದ ಅನುಭವ ಇದ್ದರೆ ಎರಡು. ಹೀಗೆ ಬೆರಳಲ್ಲಿ ಎಣಿಸಿದರೆ ಗೊತ್ತಾಗುತ್ತದೆ, ನಿಮಗೆ ಕೊರತೆ ಇರುವುದು ಭಾಷೆ ಮತ್ತು ಅನುಭವ. ಎರಡನ್ನೂ ಕನ್ಸಲ್ಟೆಂಟ್ ಕೊಡಲಾರ.

‘ಯುರೋಪಿನಲ್ಲೂ ಎಲ್ಲರಿಗೂ ಇಂಗ್ಲಿಷ್ ಬರುತ್ತೆ, ಜರ್ಮನ್ ಅಲ್ಲಿ ಹೋಗಿ ಕಲಿ’ ಅಂತಲೂ ಹೇಳಿರುತ್ತಾರೆ. ಸಾಫ್ಟ್‌ವೇರ್‌ನವರಿಗೆ ಸ್ವಲ್ಪಮಟ್ಟಿಗೆ ನಡೆದೀತು. ಮೆಕ್ಯಾನಿಕಲ್‌ನವರು ನಿಲ್ಲುವುದು ಶಾಪ್ ಫ್ಲೋರಿನಲ್ಲಿ, ಅಲ್ಲಿ ಫೋರ್‌ಮನ್ ಜೊತೆ ಮಾತಾಡಬೇಕು. ನೀವೇ ಯೋಚಿಸಿ, ನಿಗಡಿಗೆ ಬಂದ ಹೊಸದರಲ್ಲಿ ಮರಾಠಿ ಬಾರದೆ ಭಾಜಿವಾಲಾ ಹತ್ತಿರ ಎಷ್ಟು ಒದ್ದಾಡಿದ್ದಿರಿ? ಕಿರಾಣಿ ಅಂಗಡಿಗೇ ಭಾಷೆ ಬೇಕು ಅಂದ್ರೆ ಕಾರ್ಖಾನೆಗೆ ಬೇಡವೇ! ಅಷ್ಟಕ್ಕೂ ಜರ್ಮನ್ ಕಲಿಯಲು ದೇಶದಲ್ಲೇ ಒಳ್ಳೆಯ ಊರುಗಳಲ್ಲಿ ಪುಣೆ ಒಂದು. ಬೋಟ್ ಕ್ಲಬ್ ರಸ್ತೆಯಲ್ಲಿ ಮ್ಯಾಕ್ಸ್ ಮ್ಯುಲರ್ ಭವನ ಇದೆ, ಫರ್ಗ್ಯೂಸನ್ ರಸ್ತೆಯ ರಾನಡೆ ಇನ್‌ಸ್ಟಿಟ್ಯೂಟಿನಲ್ಲಿ ವಿಶ್ವವಿದ್ಯಾಲಯದ ವಿದೇಶಿ ಭಾಷಾ ವಿಭಾಗ ಇದೆ. ಡೆಕ್ಕನ್‌ನಲ್ಲಿ ಟೋಕನ್ ಕಟ್ಟುವ ಬದಲು ಅಲ್ಲಿಂದ ರಾನಡೆಗೆ ನಡೆದುಕೊಂಡೇ ಹೋಗಬಹುದು.

ಇದೇ ಕಾರಣಕ್ಕೆ ಚಾಕಣದ ಕೆಲಸ ಬಿಡಬೇಡಿ ಅನ್ನುತ್ತೇನೆ. ‘ಇಲ್ಲಿನ ಅನುಭವಕ್ಕೆ ಅಲ್ಲಿ ಬೆಲೆ ಇಲ್ಲ, ಖಾಲಿ ಕೂತು ಹೊರಗಿನದನ್ನೇ ಹುಡುಕು’ ಅನ್ನುವುದು ನಿಮಗೆ ಸಿಕ್ಕ ಸಲಹೆಗಳಲ್ಲೇ ಅತಿ ಕೆಟ್ಟದ್ದು. ಮೇಲೆ ಲೆಕ್ಕ ಹಾಕಿದೆವಲ್ಲ, ಎರಡು ವರ್ಷಕ್ಕೆ ಎರಡು ಪಾಯಿಂಟ್ ಕೊಡುತ್ತಿರುವುದು ಜರ್ಮನಿಯ ಸರ್ಕಾರವೇ. ಚಾಕಣ ಅಂದ್ರೆ ಸಾಮಾನ್ಯ ಜಾಗ ಅಲ್ಲ. ಫೋಕ್ಸ್‌ವ್ಯಾಗನ್ 2009 ರಲ್ಲೇ ಅಲ್ಲಿ ಕಾರ್ಖಾನೆ ತೆರೆದಿದೆ, ಮರ್ಸಿಡಿಸ್ ಬೆಂಜ್ ಇದೆ, ಅವಕ್ಕೆ ಬಿಡಿಭಾಗ ಮಾಡಿಕೊಡುವ ಘಟಕಗಳಿಗೆ ಲೆಕ್ಕವಿಲ್ಲ. ಅಲ್ಲಿ ನೀವು ಕಲಿಯುವ ಡ್ರಾಯಿಂಗು, ಕ್ವಾಲಿಟಿ ಆಡಿಟ್ಟು, ಸಪ್ಲೈಯರ್ ಜೊತೆಗಿನ ಜಗಳ, ಇವೆಲ್ಲ ಜರ್ಮನಿಯಲ್ಲೂ ನಡೆಯುವಂಥವೇ. ನಾನು ಹೊರಗೆ ಕಳಿಸಿದವರಲ್ಲಿ ಹೆಚ್ಚಿನವರು ಹೀಗೆ ಇಲ್ಲಿನ ಶಾಪ್ ಫ್ಲೋರಿನಿಂದ ಹೋದವರೇ. ಶಿಫ್ಟ್ ಮುಗಿಸಿ ಬಂದು ಕ್ಲಾಸಿಗೆ ಹೋಗುವುದು ಕಷ್ಟ, ನಾಸಿಕ್ ರಸ್ತೆಯ ಟ್ರಾಫಿಕ್ ಬಗ್ಗೆ ನನಗೇನೂ ಹೇಳಬೇಡಿ, ಆದರೆ ಶನಿವಾರ ಭಾನುವಾರದ ಬ್ಯಾಚು, ಆನ್‌ಲೈನ್ ಕ್ಲಾಸು ಅಂತ ದಾರಿಗಳು ಸಿಗುತ್ತವೆ. ಆ ಎರಡು ವರ್ಷದ ಸಂಬಳದಲ್ಲಿ ಹದಿಮೂರು ಲಕ್ಷದ ಒಂದು ಭಾಗವನ್ನೂ ಕೂಡಿಸಬಹುದು.

ಬಯೋಡೇಟಾ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ‘ಒಂದೇ ಪುಟ ಇರಲಿ, ಫೋಟೋ ಹಾಕಬೇಡ’ ಅನ್ನುವುದು ಅಮೆರಿಕಾದ ಪದ್ಧತಿ. ಜರ್ಮನಿಯಲ್ಲಿ ಎರಡು ಪುಟ ಇದ್ದರೆ ಯಾರೂ ಮುಖ ಸಿಂಡರಿಸುವುದಿಲ್ಲ, ಫೋಟೋ ಕಡ್ಡಾಯ ಅಲ್ಲ ಆದರೆ ರೂಢಿ ಇದೆ, ದಿನಾಂಕಗಳ ನಡುವೆ ಖಾಲಿ ಜಾಗ ಕಂಡರೆ ಮಾತ್ರ ಕೇಳುತ್ತಾರೆ. ಯಾವ ದೇಶಕ್ಕೆ ಅರ್ಜಿಯೋ ಆ ದೇಶದ ರೀತಿ, ಅಷ್ಟೇ.

ಇದಕ್ಕಿಂತ ದೊಡ್ಡ ತಲೆನೋವು ನಿಮ್ಮ ಹೆಸರು. ನಗಬೇಡಿ. ಕರ್ನಾಟಕದಲ್ಲಿ ಹತ್ತನೇ ತರಗತಿ, ಮಹಾರಾಷ್ಟ್ರದಲ್ಲಿ ಡಿಗ್ರಿ ಮಾಡಿದ ನಮ್ಮ ಹುಡುಗರಲ್ಲಿ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಅಲ್ಲಿನ ಕಾರ್ಡಿನಲ್ಲಿ ಹೆಸರು, ಅದರ ಹಿಂದೆ ಮುಂದೆ ಇನಿಷಿಯಲ್ಲು. ಇಲ್ಲಿನ ಕಾರ್ಡಿನಲ್ಲಿ ಅಡ್ಡಹೆಸರು ಮೊದಲು, ಆಮೇಲೆ ನಿಮ್ಮದು, ಆಮೇಲೆ ಅಪ್ಪನದು. ಪಾಸ್‌ಪೋರ್ಟಿನಲ್ಲಿ ಮೂರನೇ ತರಹ. ಕೆಲವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗವೇ ಖಾಲಿ. 2022 ರ ನವೆಂಬರಿನಲ್ಲಿ ಯುಎಇಯವರು ಒಂದೇ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಇಲ್ಲ ಅಂದಾಗ ದಕ್ಷಿಣದ ಎಷ್ಟೋ ಜನ ಪರದಾಡಿದರು. ಹತ್ತನೇ ತರಗತಿ, ಡಿಗ್ರಿ, ಪಾಸ್‌ಪೋರ್ಟ್ ಮೂರನ್ನೂ ಇವತ್ತು ರಾತ್ರಿ ಪಕ್ಕಪಕ್ಕ ಇಟ್ಟು ನೋಡಿ. ಹೊಂದದಿದ್ದರೆ ಮುಂಢ್ವಾದ ಪಾಸ್‌ಪೋರ್ಟ್ ಸೇವಾ ಕೇಂದ್ರದ ಕೆಲಸವನ್ನು ಈಗಲೇ ಮುಗಿಸಿಕೊಳ್ಳಿ, ಆಫರ್ ಕೈಗೆ ಬಂದ ಮೇಲೆ ಓಡಾಡೋಕೆ ಹೋದರೆ ಆಫರ್ ಕಾಯುವುದಿಲ್ಲ.

ಇನ್ನೊಂದು. ‘ಥಾಯ್ಲೆಂಡಿನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೆಲಸ, ಇಂಟರ್‌ವ್ಯೂ ಫೋನಲ್ಲೇ, ಟಿಕೆಟ್ ನಾವೇ ಕೊಡ್ತೀವಿ’ ಅಂತ ಮೆಸೇಜ್ ಬಂದರೆ ಉತ್ತರಿಸಲೇಬೇಡಿ. ಹೀಗೆ ಹೋದ ಐಟಿ ಹುಡುಗರನ್ನು ಗಡಿ ದಾಟಿಸಿ ಮ್ಯಾನ್ಮಾರ್‌ನಲ್ಲಿ ಕೂಡಿಹಾಕಿ ಸೈಬರ್ ವಂಚನೆ ಮಾಡಿಸುತ್ತಿದ್ದಾರೆ ಅಂತ ನಮ್ಮ ವಿದೇಶಾಂಗ ಇಲಾಖೆ 2022 ರ ಸೆಪ್ಟೆಂಬರ್ 24 ರಂದೇ ಎಚ್ಚರಿಕೆ ಕೊಟ್ಟಿತ್ತು. ಜನ ಈಗಲೂ ಹೋಗುತ್ತಿದ್ದಾರೆ. ಅಲ್ಲಿಗೂ ಅವರನ್ನು ಕರೆದೊಯ್ದದ್ದು ‘ಮೊದಲು ಬಾ, ಕಾಗದ ಆಮೇಲೆ’ ಅನ್ನುವ ಮಾತೇ.

ಶನಿವಾರ ಕನ್ಸಲ್ಟೆಂಟ್ ಫೋನ್ ಮಾಡುತ್ತಾರೆ, ಖಂಡಿತ ಮಾಡುತ್ತಾರೆ. ಆಗ ಜಗಳ ಬೇಡ, ಮೂರು ವಿಷಯ ಕೇಳಿ. ಹೊರದೇಶದ ಕೆಲಸಕ್ಕೆ ಜನರನ್ನು ಕಳಿಸುವವರಿಗೆ 1983 ರ ವಲಸೆ ಕಾಯ್ದೆಯಡಿ ಲೈಸೆನ್ಸ್ ಇರಲೇಬೇಕು, ಅದರ ನಂಬರ್ ಕೊಡಿ ಅನ್ನಿ. ಕೊಟ್ಟರೆ ನಮ್ಮ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಹಾಕಿ ನೋಡಿ, ಚಾಲ್ತಿಯಲ್ಲಿದೆಯಾ ರದ್ದಾಗಿದೆಯಾ ಅಂತ ಅಲ್ಲೇ ಬರುತ್ತದೆ. ಲೈಸೆನ್ಸ್ ಇರುವ ಏಜೆಂಟರೂ ಸೇವಾ ಶುಲ್ಕ ಅಂತ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ, ಹಾಗಿದ್ದ ಮೇಲೆ ಒಂದೂಮುಕ್ಕಾಲು ಲಕ್ಷ ಯಾವುದಕ್ಕೆ ಅಂತ ಕೇಳಿ. ‘ನಾವು ಏಜೆಂಟರಲ್ಲ, ವೀಸಾ ಅರ್ಜಿ ತುಂಬಿಕೊಡುವವರು ಅಷ್ಟೇ’ ಅಂದರೆ, ಮೂರನೆಯದು: ಹಾಗಾದರೆ ‘ಕೆಲಸ ಕೊಡಿಸುವುದಿಲ್ಲ’ ಅಂತ ರಸೀದಿಯ ಮೇಲೆ ಬರೆದುಕೊಡ್ತೀರಾ? ಆಮೇಲೆ ಅವರು ಏನಂದರು ಅಂತ ನನಗೂ ಬರೆದು ತಿಳಿಸಿ. ಇಷ್ಟರಲ್ಲಿ ಚಾಕಣದವರಿಗೆ ‘ಬರ್ತೀನಿ’ ಅಂತ ಉತ್ತರ ಕಳಿಸಿಬಿಟ್ಟಿರಿ, ಟ್ರೇನಿ ಹುದ್ದೆಗೆ ನಿಮ್ಮ ಹಿಂದೆ ಸಾಲಿನಲ್ಲಿ ಇನ್ನೂ ಬಹಳ ಜನ ನಿಂತಿರುತ್ತಾರೆ.